ರಿಮೋಟಿಗೆ ರಿಮೋಟ್ ಪಾಠ ಹೇಳುವಾಗ

ಟಿವಿ ರಿಮೋಟಿಗೆ ಟಿವಿ ಅಂದರೇನು ಅಂತ ಗೊತ್ತಿಲ್ಲ. ವಾಲ್ಯೂಮ್, ಚಾನೆಲ್, ಮ್ಯೂಟ್ ಇವೂ ಗೊತ್ತಿಲ್ಲ. ಒಂದು ಪುಟ್ಟ ದೀಪವನ್ನು ಯಾವಾಗ ಹೊತ್ತಿಸಬೇಕು, ಯಾವಾಗ ಆರಿಸಬೇಕು, ಅದಷ್ಟೇ ಅದಕ್ಕೆ ಗೊತ್ತು. ಇಷ್ಟು ಮನಸ್ಸಿಗೆ ಬಂದರೆ ಯೂನಿವರ್ಸಲ್ ರಿಮೋಟ್, ಅಂದರೆ ಹಲವು ಸಾಧನಗಳಿಗೆ ಒಂದೇ ರಿಮೋಟ್, ಸೆಟ್ ಮಾಡುವುದರಲ್ಲಿ ನಿಗೂಢ ಅನ್ನುವಂಥದ್ದು ಏನೂ ಉಳಿಯುವುದಿಲ್ಲ. ಆದರೆ ನನ್ನ ಕಿವಿಗೆ ಬೀಳುವ ಮಾತುಗಳೇ ಬೇರೆ. "ಈ ಟಿವಿ ಬೇರೆ ರಿಮೋಟನ್ನು ಒಪ್ಪಲ್ಲ", "ಕಂಪನಿಯವರು ಲಾಕ್ ಮಾಡಿರ್ತಾರೆ", "ಎರಡು ರಿಮೋಟಿನ ಕಿರಣ ಬೆರೆತರೆ ಬೋರ್ಡ್ ಸುಟ್ಟುಹೋಗುತ್ತೆ". ಈ ಭಯಗಳಿಂದಾಗಿ ಎಷ್ಟೋ ಮನೆಗಳಲ್ಲಿ ಸೋಫಾ ಮೇಲೆ ನಾಲ್ಕು ನಾಲ್ಕು ರಿಮೋಟ್ ಬಿದ್ದಿರುತ್ತವೆ.

ದುಡ್ಡು ಕೊಟ್ಟು ಹೊಸದು ತರುವ ಮೊದಲು ಕೈಯಲ್ಲಿರುವ ಸೆಟ್‌ಟಾಪ್ ಬಾಕ್ಸ್ ರಿಮೋಟನ್ನೇ ನೋಡಿ. ಬಹಳಷ್ಟರಲ್ಲಿ ಒಂದು ಮೂಲೆಗೆ ಗೆರೆ ಎಳೆದು ಟಿವಿ ಅಂತ ಬರೆದಿರುತ್ತದೆ. ಅಲ್ಲಿ ಪವರ್, ವಾಲ್ಯೂಮ್, ಸೋರ್ಸ್ ಹೀಗೆ ನಾಲ್ಕೈದು ಕೀ. ಶುರುವಿನಲ್ಲಿ ಅವು ಏನೂ ಮಾಡುವುದಿಲ್ಲ. ಅವಕ್ಕೆ ನಾವೇ ಕಲಿಸಬೇಕು. ಕ್ರಮ ಕಂಪನಿಯಿಂದ ಕಂಪನಿಗೆ ಚೂರು ಬದಲಾಗುತ್ತದೆ, ಸಾಮಾನ್ಯವಾಗಿ ಹೀಗಿರುತ್ತದೆ: ಸೆಟ್ ಕೀಯನ್ನು ಕೆಂಪು ದೀಪ ಹೊತ್ತಿ ನಿಲ್ಲುವವರೆಗೆ ಅದುಮಿ ಹಿಡಿಯಿರಿ. ಕಲಿಸಬೇಕಾದ ಕೀ ಒತ್ತಿ. ಟಿವಿಯ ಅಸಲಿ ರಿಮೋಟನ್ನು ಇದರ ಎದುರಿಗೆ ಮೂತಿಗೆ ಮೂತಿ ತಂದಿಟ್ಟು ಅದರ ಕೀ ಒತ್ತಿ. ದೀಪ ಎರಡು ಮೂರು ಸಲ ಮಿಟುಕಿದರೆ ಕಲಿತಾಯಿತು. ಕೊನೆಗೆ ಮತ್ತೆ ಸೆಟ್ ಒತ್ತಿದರೆ ಉಳಿದುಕೊಳ್ಳುತ್ತದೆ.

ಆ ಒಂದೆರಡು ಸೆಕೆಂಡಿನಲ್ಲಿ ಆಗುವುದೇನು ಅನ್ನುವುದೇ ನನಗೆ ಬಲು ಇಷ್ಟವಾದ ವಿಷಯ.

ರಿಮೋಟಿನ ಮೂತಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಸೂಸುತ್ತದೆ. ಅದು ಇನ್‌ಫ್ರಾರೆಡ್, ನಮ್ಮ ಕಣ್ಣಿಗೆ ಕಾಣದು. ತೊಂದರೆ ಏನೆಂದರೆ, ಹಗಲಲ್ಲಿ ಕೋಣೆ ತುಂಬ ಅದೇ ಬೆಳಕಿರುತ್ತದೆ. ಬಿಸಿಲಿನಲ್ಲಿ ಇದೆ, ಹಳೇ ಕಾಲದ ತಂತಿ ಬಲ್ಬಿನಲ್ಲಿ ಇದೆ. ಇಷ್ಟರ ನಡುವೆ ರಿಮೋಟಿನ ಬೆಳಕು ಯಾವುದು ಅಂತ ಟಿವಿಗೆ ಗೊತ್ತಾಗಬೇಕಲ್ವಾ? ಅದಕ್ಕೇ ರಿಮೋಟಿನ ದೀಪ ಸುಮ್ನೆ ಹೊತ್ತಿಕೊಂಡಿರುವುದಿಲ್ಲ. ಹೊತ್ತಿರುವಷ್ಟು ಹೊತ್ತೂ ಸೆಕೆಂಡಿಗೆ 38,000 ಸಲದ ವೇಗದಲ್ಲಿ ಮಿನುಗುತ್ತದೆ. ಕೆಲವು ಕಂಪನಿಗಳದ್ದು 36,000, ಸೋನಿಯದ್ದು 40,000. ಟಿವಿಯ ರಿಸೀವರ್ ಆ ವೇಗದ ಮಿನುಗನ್ನು ಮಾತ್ರ ಒಳಗೆ ಬಿಟ್ಟುಕೊಂಡು ಉಳಿದದ್ದನ್ನೆಲ್ಲ ಸೋಸಿಬಿಡುತ್ತದೆ.

ಈ ಮಿನುಗನ್ನು ತುಂಡು ತುಂಡು ಮಾಡಿದಾಗ ಸಂದೇಶ ಹುಟ್ಟುತ್ತದೆ. ಜಪಾನಿನ ಎನ್‌ಇಸಿ ಕಂಪನಿ ರೂಪಿಸಿದ ಸಂದೇಶ ಕಳಿಸುವ ಕ್ರಮವನ್ನೇ ತೆಗೆದುಕೊಳ್ಳೋಣ. ಬಹಳ ಕಂಪನಿಗಳು ಬಳಸುವುದು ಇದನ್ನೇ. ಮೊದಲು 9 ಮಿಲಿಸೆಕೆಂಡ್ ಮಿನುಗು, ಆಮೇಲೆ 4.5 ಮಿಲಿಸೆಕೆಂಡ್ ಕತ್ತಲು. ಟಿವಿ ಎಚ್ಚೆತ್ತುಕೊಳ್ಳಲಿ ಅಂತ ಇದು. ನಂತರ 32 ಬಿಟ್‌ಗಳು, ಅಂದರೆ ಸೊನ್ನೆ ಇಲ್ಲವೇ ಒಂದು ಅನ್ನುವ ಅಂಕಿಗಳು, ಸಾಲಾಗಿ ಬರುತ್ತವೆ. ಪ್ರತಿ ಬಿಟ್ಟೂ ಅರ್ಧ ಮಿಲಿಸೆಕೆಂಡಿಗಿಂತ ತುಸು ಜಾಸ್ತಿಯ ಒಂದು ಮಿನುಗಿನಿಂದ ಶುರು. ಅದರ ಹಿಂದೆ ಅಷ್ಟೇ ಹೊತ್ತಿನ ಕತ್ತಲು ಬಂದರೆ ಅದು ಸೊನ್ನೆ. ಮೂರು ಪಟ್ಟು ಕತ್ತಲು ಬಂದರೆ ಒಂದು. ಸೊನ್ನೆಯಲ್ಲೂ ಒಂದರಲ್ಲೂ ಬೆಳಕು ಒಂದೇ ಅಳತೆ, ವ್ಯತ್ಯಾಸ ಇರುವುದೆಲ್ಲ ಕತ್ತಲಿನಲ್ಲಿ!

32ರಲ್ಲಿ ಮೊದಲ 8 ಬಿಟ್ ಯಾವ ಸಾಧನ ಅಂತ ಹೇಳುತ್ತವೆ, ಮುಂದಿನ 8 ಅದನ್ನೇ ತಿರುವಿ ಹೇಳುತ್ತವೆ. ಸೊನ್ನೆ ಇದ್ದಲ್ಲಿ ಒಂದು, ಒಂದು ಇದ್ದಲ್ಲಿ ಸೊನ್ನೆ. ಆಮೇಲಿನ 8 ಯಾವ ಕೀ ಅಂತ ಹೇಳುತ್ತವೆ, ಕೊನೆಯ 8 ಅದರ ತಿರುವು. ಎರಡೂ ತಾಳೆಯಾಗದಿದ್ದರೆ ಟಿವಿ ಆ ಸಂದೇಶವನ್ನು ಬಿಟ್ಟುಬಿಡುತ್ತದೆ. ಹೀಗೆ ತಿರುವಿ ಹೇಳುವುದರಿಂದ ಇನ್ನೊಂದು ಲಾಭವೂ ಇದೆ. ಯಾವ ಕೀ ಒತ್ತಿದರೂ 16 ಸೊನ್ನೆ, 16 ಒಂದು ಬಂದೇ ಬರುತ್ತವೆ. ಹಾಗಾಗಿ ಪ್ರತಿ ಸಂದೇಶವೂ ಒಂದೇ ಉದ್ದ, ಸುಮಾರು 68 ಮಿಲಿಸೆಕೆಂಡಿಗೆ ಮುಗಿಯುತ್ತದೆ.

ಕಲಿಯುವ ರಿಮೋಟ್ ಇದನ್ನೆಲ್ಲ ಬಿಡಿಸಿ ಓದಬೇಕಾಗಿಲ್ಲ. ಎಷ್ಟು ಹೊತ್ತು ಬೆಳಕಿತ್ತು, ಎಷ್ಟು ಹೊತ್ತು ಕತ್ತಲಿತ್ತು ಅಂತ ಅಳೆದು ಬರೆದಿಟ್ಟುಕೊಂಡರೆ ಸಾಕು. ತಾಳದ ಲೆಕ್ಕ ಗೊತ್ತಿಲ್ಲದ ಮಗು ಮೃದಂಗದ ಪೆಟ್ಟನ್ನು ಕೇಳಿ ಕೇಳಿ ಮಣೆಯ ಮೇಲೆ ಹಾಗೇ ಬಡಿಯುತ್ತದಲ್ಲ, ಅದೇ ಕೆಲಸ. ಎಷ್ಟು ಅಕ್ಷರ, ಯಾವ ನಡೆ ಅಂತ ಮಗುವಿಗೆ ತಿಳಿಯದು. ಬಿಡುವುಗಳ ಅಳತೆ ತಪ್ಪದಿದ್ದರೆ ಕೇಳುವ ವಿದ್ವಾಂಸರಿಗೆ ತಾಳ ಗೊತ್ತಾಗಿಯೇ ಆಗುತ್ತದೆ. ಟಿವಿಗೂ ಅಳತೆ ಸರಿ ಇದ್ದರಾಯಿತು, ಬೆಳಕು ಯಾರ ಕೈಯಿಂದ ಬಂತು ಅಂತ ಅದು ಕೇಳುವುದಿಲ್ಲ.

ಮೂತಿಗೆ ಮೂತಿ ಯಾಕೆ ಇಡಬೇಕು? ಅಗ್ಗದ ಎಷ್ಟೋ ಲರ್ನಿಂಗ್ ರಿಮೋಟುಗಳಲ್ಲಿ ಬೆಳಕು ಹಿಡಿಯಲು ಬೇರೆ ಭಾಗವೇ ಇರುವುದಿಲ್ಲ. ಬಿಚ್ಚಿ ನೋಡಿದರೆ ಕಪ್ಪು ಚುಕ್ಕೆಗಳಿರುವ ರಬ್ಬರ್ ಹಾಳೆ, ಕರಿ ಅಂಟಿನ ಕೆಳಗೆ ಒಂದು ಚಿಪ್, ಮೂತಿಯಲ್ಲಿ ಒಂದೇ ಒಂದು ಎಲ್‌ಇಡಿ. ಬೆಳಕು ಬಿಡುವುದೂ ಅದೇ, ಕಲಿಯುವಾಗ ಬೆಳಕು ಹಿಡಿಯುವುದೂ ಅದೇ! ಎಲ್‌ಇಡಿಗೆ ಕರೆಂಟ್ ಕೊಟ್ಟರೆ ಬೆಳಕು, ಅದರ ಮೇಲೆ ಬೆಳಕು ಬಿಟ್ಟರೆ ಸಣ್ಣ ಕರೆಂಟ್. ಅಮೆರಿಕದ ಫಾರೆಸ್ಟ್ ಮಿಮ್ಸ್ 1970ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದ್ದರು. ಹಾಗೆ ಹುಟ್ಟುವ ಕರೆಂಟ್ ತೀರಾ ಕಮ್ಮಿ. ಅದಕ್ಕೇ ಟಿವಿಗೆ ಕೋಣೆಯ ಆ ತುದಿಯಿಂದ ಕೇಳಿಸುವ ರಿಮೋಟ್, ಇದಕ್ಕೆ ನಾಲ್ಕು ಬೆರಳಿನ ಅಂತರದಲ್ಲಿ ಇದ್ದರಷ್ಟೇ ಕೇಳಿಸುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕ ಕೂತು ಕಲಿಸಬೇಡಿ.

ಇಷ್ಟು ಸರಳ ಉಪಾಯಕ್ಕೆ ಬಂದು ಮುಟ್ಟಲು ಬಹಳ ಕಾಲ ಹಿಡಿಯಿತು. ಕಣ್ಣಿಗೆ ಕಾಣದ ಈ ಬೆಳಕನ್ನು ವಿಲಿಯಂ ಹರ್ಷೆಲ್ 1800ರಲ್ಲೇ ಕಂಡುಹಿಡಿದಿದ್ದರು. ಪಟ್ಟಕದಿಂದ ಬಿದ್ದ ಬಣ್ಣಗಳಲ್ಲಿ ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿಟ್ಟ ಥರ್ಮಾಮೀಟರ್ ಮೇಲೇರಿತ್ತು. ಅದು ಟಿವಿಯ ಕೆಲಸಕ್ಕೆ ಬರುವ ಮುಂಚೆ ಅಮೆರಿಕದ ಜೆನಿತ್ ಕಂಪನಿ ಏನೇನೋ ಮಾಡಿ ನೋಡಿತು. 1950ರ ಅದರ ರಿಮೋಟಿಗೆ ಉದ್ದನೆ ವೈರ್ ಇತ್ತು, ಜನ ಎಡವುತ್ತಿದ್ದರು. 1955ರಲ್ಲಿ ಯೂಜೀನ್ ಪಾಲಿ ಮಾಡಿದ್ದು ಪರದೆಯ ಮೂಲೆಗಳಿಗೆ ಬೆಳಕು ಬಿಡುವ ಪಿಸ್ತೂಲು. ಬಿಸಿಲು ಬಿದ್ದರೆ ಟಿವಿ ತಾನೇ ಚಾನೆಲ್ ಬದಲಿಸುತ್ತಿತ್ತು. 1956ರಲ್ಲಿ ರಾಬರ್ಟ್ ಆಡ್ಲರ್ ಬೆಳಕನ್ನೇ ಬಿಟ್ಟು ಶಬ್ದಕ್ಕೆ ಬಂದರು. ಕೀ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಬಡಿಯುತ್ತಿತ್ತು, ನಮ್ಮ ಕಿವಿಗೆ ಎಟುಕದ ಆ ನಾದ ಟಿವಿಗೆ ಕೇಳುತ್ತಿತ್ತು. ಬ್ಯಾಟರಿಯೇ ಬೇಡ. ನಾಣ್ಯ ಝಣಗುಟ್ಟಿದರೂ ಕೆಲವೊಮ್ಮೆ ಚಾನೆಲ್ ಬದಲಾಗುತ್ತಿತ್ತು ಅನ್ನುವುದೊಂದೇ ಕಾಟ. 1980ರ ದಶಕದ ಹೊತ್ತಿಗೆ ಇನ್‌ಫ್ರಾರೆಡ್ ಇದನ್ನೆಲ್ಲ ಬದಿಗೆ ಸರಿಸಿತು. ಮನೆಯಲ್ಲಿ ರಿಮೋಟುಗಳ ರಾಶಿ ಬೆಳೆದದ್ದೂ ಆಗಲೇ. ಆಪಲ್ ಕಟ್ಟಿದವರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ 1987ರಲ್ಲಿ ಬೇರೆ ರಿಮೋಟುಗಳಿಂದ ಕಲಿಯುವ ಕೋರ್ ಅನ್ನುವ ರಿಮೋಟನ್ನು ತಂದರು.

ಅಸಲಿ ರಿಮೋಟ್ ಕಳೆದೇಹೋಗಿದ್ದರೆ ಕಲಿಸಲು ಗುರು ಇಲ್ಲ. ಆಗ ನೂರಾರು ಮಾಡೆಲ್‌ಗಳ ಕೋಡ್ ಮೊದಲೇ ತುಂಬಿರುವ ರಿಮೋಟ್ ಬೇಕು. ರಿಮೋಟಿನ ಜೊತೆ ಬರುವ ಚೀಟಿಯಲ್ಲಿ ನಿಮ್ಮ ಟಿವಿಗೆ ಕೊಟ್ಟಿರುವ ಮೂರು ನಾಲ್ಕು ಅಂಕಿಯ ಸಂಖ್ಯೆ ಒತ್ತಬಹುದು. ಇಲ್ಲವೇ ಆಟೋ ಸರ್ಚ್ ಹಾಕಿ ಟಿವಿಯ ಕಡೆ ಹಿಡಿದುಕೊಂಡು ಕೂರಬಹುದು. ಅದು ಒಂದೊಂದೇ ಕಂಪನಿಯ ಪವರ್ ಸಂದೇಶ ಕಳಿಸುತ್ತಾ ಹೋಗುತ್ತದೆ. ಟಿವಿ ಆಫ್ ಆದ ತಕ್ಷಣ ನಿಲ್ಲಿಸಬೇಕು. ಆಮೇಲೆ ವಾಲ್ಯೂಮ್, ಮ್ಯೂಟ್ ಕೂಡ ಪರೀಕ್ಷಿಸಿ. ಒಂದೇ ಪವರ್ ಕೋಡ್ ಇದ್ದು ಉಳಿದ ಕೀ ಬೇರೆಯಾಗಿರುವ ಮಾಡೆಲ್‌ಗಳಿವೆ. ಶಿಯೋಮಿಯ ಬಹಳಷ್ಟು ಫೋನುಗಳ ನೆತ್ತಿಯಲ್ಲಿರುವ ಇನ್‌ಫ್ರಾರೆಡ್ ದೀಪ, ಅದರ ಜೊತೆ ಬರುವ ಆ್ಯಪ್ ಮಾಡುವುದೂ ಇದನ್ನೇ.

ಕಲಿಸಿದ್ದು ಕೆಲಸ ಮಾಡದಿದ್ದರೆ ಅದಕ್ಕೂ ಕಾರಣ ಇದೆ, ಗ್ರಹಚಾರ ಅಲ್ಲ. ಎನ್‌ಇಸಿ ಕ್ರಮದಲ್ಲಿ ಕೀಯನ್ನು ಒತ್ತಿಯೇ ಹಿಡಿದರೆ ಪೂರ್ತಿ ಸಂದೇಶ ಒಂದು ಸಲ ಮಾತ್ರ ಹೋಗುತ್ತದೆ. ಆಮೇಲೆ ಹೋಗುವುದು "ಅದೇ, ಅದೇ" ಅನ್ನುವ ಚುಟುಕು ಸಂದೇಶ. ಕಲಿಯುವ ರಿಮೋಟ್ ತಡವಾಗಿ ಎಚ್ಚೆತ್ತು ಈ ಚುಟುಕನ್ನು ಮಾತ್ರ ಹಿಡಿದರೆ ಟಿವಿಗೆ ಏನೂ ಅರ್ಥವಾಗದು. ಕಲಿಯುವ ರಿಮೋಟ್ ಸಿದ್ಧವಾದ ಮೇಲೇ ಅಸಲಿ ರಿಮೋಟಿನ ಕೀಯನ್ನು ಚಿಕ್ಕದಾಗಿ ಒತ್ತಿ ಬಿಡಿ. ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಕ್ರಮದಲ್ಲಿ ಇನ್ನೊಂದು ಸೊಗಸಿದೆ. ಕೀಯನ್ನು ಬಿಟ್ಟು ಮತ್ತೆ ಒತ್ತಿದಾಗಲೆಲ್ಲ ಒಂದು ಬಿಟ್ ಬದಲಾಗುತ್ತದೆ. ಕಲಿತ ರಿಮೋಟ್ ಪ್ರತಿ ಸಲವೂ ಅದೇ ಬಿಟ್ ಕಳಿಸಿದರೆ, ನೀವು 11 ಒತ್ತಿದಾಗ ಟಿವಿ ಬರೀ 1 ಅಂದುಕೊಳ್ಳುತ್ತದೆ.

ಇನ್ನು ಸ್ಮಾರ್ಟ್ ಟಿವಿ. ಪವರ್ ಕೀ ಮಾತ್ರ ಕಲಿತು ವಾಲ್ಯೂಮ್ ಕಲಿಯಲೇ ಇಲ್ಲ ಅಂದರೆ, ಕತ್ತಲಲ್ಲಿ ಫೋನಿನ ಮುಂದಿನ ಕ್ಯಾಮೆರಾ ತೆರೆದು ಅಸಲಿ ರಿಮೋಟಿನ ಮೂತಿ ತೋರಿಸಿ ಒತ್ತಿ ನೋಡಿ. ಪವರ್‌ಗೆ ನೇರಳೆ ಮಿಶ್ರಿತ ಬಿಳಿ ಮಿನುಗು ಕಾಣುತ್ತದೆ, ವಾಲ್ಯೂಮ್‌ಗೆ ಏನೂ ಕಾಣುವುದಿಲ್ಲ. ಅಂದರೆ ವಾಲ್ಯೂಮ್ ಬ್ಲೂಟೂತಿನಲ್ಲಿ ಹೋಗುತ್ತಿದೆ. ಅದು ರೇಡಿಯೋ. ಬೆಳಕು ಅಳೆಯುವ ರಿಮೋಟಿಗೆ ಅದು ಸಿಗದು.

ಎಸಿ ರಿಮೋಟಿನದು ಬೇರೆಯೇ ಕಥೆ. ಟಿವಿ ರಿಮೋಟ್ "ಒಂದು ಹೆಜ್ಜೆ ಜಾಸ್ತಿ" ಅಂತಷ್ಟೇ ಹೇಳುತ್ತದೆ. ಎಸಿ ರಿಮೋಟ್ ಸಾಮಾನ್ಯವಾಗಿ ಯಾವ ಕೀ ಒತ್ತಿದರೂ "ಆನ್, ಕೂಲ್, 24 ಡಿಗ್ರಿ, ಫ್ಯಾನ್ ಆಟೋ" ಅಂತ ಪೂರ್ತಿ ಸ್ಥಿತಿಯನ್ನೇ ಕಳಿಸುತ್ತದೆ. ನೀವು ಟೆಂಪರೇಚರ್ ಜಾಸ್ತಿ ಮಾಡುವ ಕೀಯನ್ನು 24ರಲ್ಲಿದ್ದಾಗ ಕಲಿಸಿದರೆ ಅದು ಜೀವಮಾನವಿಡೀ 25 ಅಂತಲೇ ಹೇಳುತ್ತಿರುತ್ತದೆ. ಸಂದೇಶವೂ ಉದ್ದ, ಸಣ್ಣ ರಿಮೋಟುಗಳ ನೆನಪಿಗೆ ಹಿಡಿಸದೆ ಅರ್ಧಕ್ಕೆ ತುಂಡಾಗುವುದೂ ಉಂಟು. ಎಸಿಗೆ ಅದರದ್ದೇ ಯೂನಿವರ್ಸಲ್ ರಿಮೋಟ್ ತಂದು, ಎಸಿ ಬೀಪ್ ಅನ್ನುವವರೆಗೆ ಆಟೋ ಸರ್ಚ್ ಓಡಿಸುವುದೇ ಸರಿಯಾದ ದಾರಿ.