ಕಲಶದ ರೂಪಾಯಿಗೆ ಹುಣಸೆಹುಳಿ ಬೇಡ

ಮುಂಬಯಿಯ ಕನ್ನಡ ಮನೆಗಳಲ್ಲಿ ಹಳೆಯ ನಾಣ್ಯ ಇರುವುದು ಹೆಚ್ಚಾಗಿ ಎರಡೇ ಕಡೆ: ಊರಿಂದ ಬಂದ ಟ್ರಂಕಿನ ತಳದಲ್ಲಿ, ಇಲ್ಲವೇ ದೇವರ ಮುಂದೆ. ವರಮಹಾಲಕ್ಷ್ಮಿಯ ಕಲಶಕ್ಕೆ ಹಾಕುವ ಬೆಳ್ಳಿ ರೂಪಾಯಿಯನ್ನು ವರ್ಷವರ್ಷವೂ ಹುಣಸೆಹುಳಿ ಹಾಕಿ ತಿಕ್ಕಿರುತ್ತಾರೆ. ಪೂಜೆಗೆ ಅದು ಚೆಂದ, ಸಂಗ್ರಹಕ್ಕೆ ನಷ್ಟ. ಟಂಕಸಾಲೆಯ ಅಚ್ಚು ಬಿದ್ದಾಗ ಲೋಹದ ಮೈಮೇಲೆ ಮೂಡುವ ನವಿರು ಗೆರೆಗಳೇ ನಾಣ್ಯದ ಸಹಜ ಹೊಳಪು. ಹುಳಿ, ಬೂದಿ, ಟೂತ್‌ಪೇಸ್ಟ್ ಎಲ್ಲವೂ ಆ ಗೆರೆಗಳನ್ನು ಸವೆಸುತ್ತವೆ. ಕಪ್ಪು ಹಿಡಿದ ರೂಪಾಯಿಗೆ ಸಿಗುವ ಬೆಲೆ ತಿಕ್ಕಿದ ರೂಪಾಯಿಗೆ ಸಿಗದು. ಕುಂಕುಮ ಅಂಟಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿ, ಹತ್ತಿ ಬಟ್ಟೆಯ ಮೇಲಿಟ್ಟು ಒತ್ತಿ, ಉಜ್ಜಬೇಡಿ. ಎಣ್ಣೆ ಜಿಡ್ಡಿಗೆ ಶುದ್ಧ ಅಸಿಟೋನ್ ಆಗುತ್ತದೆ, ಒಲೆಯಿಂದ ದೂರ, ಕಿಟಕಿ ತೆರೆದಿಟ್ಟು. ಬಣ್ಣ, ಪರಿಮಳ ಸೇರಿಸಿದ ನೇಲ್‌ಪಾಲಿಶ್ ರಿಮೂವರ್ ಆಗದು.

ಬೆಲೆಯ ಲೆಕ್ಕ ತಕ್ಕಡಿಯಿಂದ ಶುರು. 1835ರಿಂದ 1939ರವರೆಗಿನ ರೂಪಾಯಿ ಒಂದು ತೊಲೆ, ಅಂದರೆ 11.66 ಗ್ರಾಂ, ಬೆಳ್ಳಿ ಶೇ. 91.7. ಹಾಗಾಗಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ. 1940ರಿಂದ 45ರವರೆಗಿನದರಲ್ಲಿ ಬೆಳ್ಳಿ ಅರ್ಧಕ್ಕರ್ಧ. 1946, 47ರದು ನಿಕ್ಕಲ್, ಆಯಸ್ಕಾಂತಕ್ಕೆ ಟಪ್ಪನೆ ಅಂಟುತ್ತದೆ. ಆ ದಿನದ ಬೆಳ್ಳಿ ದರಕ್ಕಿಂತ ಕಡಿಮೆಗೆ ಯಾರಾದರೂ ಕೇಳಿದರೆ ಕೊಡಬೇಡಿ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯವಾದರೆ ಮಾತ್ರ ಬೆಳ್ಳಿ ದರವೇ ಕೊನೆ. ಕೊಂಡಿ ತೆಗೆಸಿದರೂ ಅಂಚಿನಲ್ಲಿ ಬೆಸುಗೆಯ ಗುರುತು ಉಳಿಯುತ್ತದೆ.

ಅದಕ್ಕಿಂತ ಮೇಲಿನ ಬೆಲೆ ಹಳತು ಎಂಬ ಕಾರಣಕ್ಕೆ ಬರುವುದಿಲ್ಲ. ವಿಕ್ಟೋರಿಯಾಳ 1862ರ ರೂಪಾಯಿ ಎಲ್ಲೆಡೆ ಇದೆ, ಏಕೆಂದರೆ ಅದೇ ಇಸವಿ ಹಾಕಿ 1874ರವರೆಗೂ ಟಂಕಿಸಿದರು. ಮುಂಬಯಿ ಟಂಕಸಾಲೆ ವರ್ಷ ಗೊತ್ತಾಗಲೆಂದು ಚುಕ್ಕಿಗಳನ್ನು ಇಟ್ಟಿತು. ಆ ಚುಕ್ಕಿಗಳನ್ನು ಲೆನ್ಸ್ ಹಿಡಿದು ಎಣಿಸುವವರಿಗೇ ಅಪರೂಪದ್ದು ಸಿಗುತ್ತದೆ. 1911ರ ಐದನೇ ಜಾರ್ಜ್ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡು ಗುಲ್ಲೆದ್ದು, ಬಹುಪಾಲು ಕರಗಿಸಿ, 1912ಕ್ಕೆ ಆನೆಯನ್ನು ತಿದ್ದಿದರು. 1939ರದು ಬಹಳ ಅಪರೂಪ, ಅದಕ್ಕೇ ಅದರ ನಕಲಿಯೂ ಹೆಚ್ಚು. 1938ರ 8ನ್ನು ಕೆತ್ತಿ 9 ಮಾಡಿದ್ದರೆ ತೂಕ, ಬೆಳ್ಳಿ ಎರಡೂ ಸರಿ ಬರುತ್ತವೆ. ಕೊನೆಯ ಅಂಕಿಯ ಸುತ್ತಲಿನ ಮೈ ಗೀಚಿದಂತಿದೆಯೇ ಎಂದು ಹತ್ತು ಪಟ್ಟಿನ ಲೆನ್ಸ್‌ನಲ್ಲಿ ನೋಡಿ. ಎರಕದ ನಕಲಿಯಾದರೆ ಸಣ್ಣ ಸಣ್ಣ ರಂಧ್ರ, ಅಂಚಿನ ಸುತ್ತ ಜೋಡಣೆಯ ಗೆರೆ, ಸೋಪಿನಲ್ಲಿ ಕೊರೆದಂಥ ಮಂದ ಅಕ್ಷರ.

ಗಣರಾಜ್ಯದ ನಾಣ್ಯಗಳಿಗೆ ಹೋಟೆಲಿನ ಗಲ್ಲಾಪೆಟ್ಟಿಗೆಗಿಂತ ಒಳ್ಳೆಯ ಜಾಗವಿಲ್ಲ. ಇಸವಿಯ ಕೆಳಗೆ ವಜ್ರದಾಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ವೈಷ್ಣೋದೇವಿಯ ಚಿತ್ರವಿರುವ ನಾಣ್ಯಕ್ಕೆ ಲಕ್ಷ ರೂಪಾಯಿ ಎಂಬ ಜಾಹೀರಾತು ಮೋಸ. ಅದಕ್ಕೆ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಮುಂಗಡ ಶುಲ್ಕ ಕೇಳುವವರೂ ಇದ್ದಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕು 2021ರಲ್ಲೇ ಎಚ್ಚರಿಸಿದೆ. ರಾಮ ದರ್ಬಾರ್ ಚಿತ್ರದ '1818ರ ಕಂಪನಿ ನಾಣ್ಯ' ನಾಣ್ಯವೇ ಅಲ್ಲ, ಬಿಲ್ಲೆ.

ಪುಣೆಯ ಜೂನಾ ಬಾಜಾರ್‌ನಲ್ಲಿ, ಬುಧವಾರ ಅಥವಾ ಭಾನುವಾರ, ತಾಮ್ರದ ರಾಶಿ ಕೆದಕುವಾಗ ಕನ್ನಡಿಗರಿಗೆ ಒಂದು ಅನುಕೂಲವಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ 'ಮಯಿಲಿ ಕಾಸು' ಎಂಬ ಕನ್ನಡ ಬರಹವಿದೆ. ಲಿಪಿ ಓದಲು ಬಾರದ ವ್ಯಾಪಾರಿ ಅದನ್ನು ಸಾದಾ ತಾಮ್ರವೆಂದೇ ಇಟ್ಟಿರಬಹುದು. ಟಿಪ್ಪುವಿನ ಆನೆ ಪೈಸೆಯ ಮೇಲಿನ, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. ಕೊಳ್ಳುವ ಮೊದಲು ಅಸಲಿ ಹೇಗಿರುತ್ತದೆಂದು ನೋಡಿ ಕಣ್ಣು ಪಳಗಲಿ: ಮುಂಬಯಿಯ ಫೋರ್ಟಿನ ಅಮರ್ ಬಿಲ್ಡಿಂಗ್‌ನಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವಿದೆ.

ಮುಂಬಯಿಯ ಮಳೆಗಾಲ ನಾಣ್ಯಕ್ಕೆ ಕಳ್ಳನಿಗಿಂತ ಕೇಡು. ಮೆತ್ತನೆಯ ಪಿವಿಸಿ ಕವರ್ ಕಾಲಕ್ರಮೇಣ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡಿನ ಗಂಧಕ ಬೆಳ್ಳಿಯ ಮೇಲೆ ಕಪ್ಪು ಗೆರೆ ಎಳೆಯುತ್ತದೆ. ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್ ತನ್ನಿ, ಪಿನ್ ಹೊಡೆದ ಮೇಲೆ ಇಕ್ಕಳದಿಂದ ಚಪ್ಪಟೆ ಮಾಡಿ, ಇಲ್ಲದಿದ್ದರೆ ಪಕ್ಕದ ನಾಣ್ಯಕ್ಕೆ ಗೀರು ಬೀಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ನೀಲಿ ಸಿಲಿಕಾ ಜೆಲ್ ಇಡಿ. ಗುಲಾಬಿಯಾದರೆ ತೇವ ತುಂಬಿದೆ ಎಂದರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಬಹುದು.

ಇನ್ನೊಂದು: ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ದುಬೈಯಲ್ಲಿರುವ ಮಗನಿಗೆಂದು 1912ರ ರೂಪಾಯಿಯನ್ನು ಸೂಟ್‌ಕೇಸಿನಲ್ಲಿ ಇಟ್ಟು ಕಳಿಸುವ ಹಾಗಿಲ್ಲ.