‘ಎಂಟು ಗಂಟೆಗೆ ಒಂದು ಮಾತ್ರೆ’ ಅಂದರೆ ಯಾವಾಗ?

ಓದುಗರ ಪ್ರಶ್ನೆ: ಅಮ್ಮನ ಮದ್ದಿನ ಕವರಿನ ಮೇಲೆ ‘ಎಂಟು ಗಂಟೆಗೆ ಒಂದು ಮಾತ್ರೆ’ ಎಂದು ಬರೆದಿದ್ದಾರೆ. ಅವರು ದಿನಾ ರಾತ್ರಿ ಎಂಟಕ್ಕೆ ಸರಿಯಾಗಿ ನುಂಗುತ್ತಿದ್ದಾರೆ. ಸರಿಯೇ? (ಉಡುಪಿಯಿಂದ)

ಅದು ಕವರಿನೊಳಗೆ ಯಾವ ಮಾತ್ರೆ ಇದೆ ಎಂಬುದರ ಮೇಲೆ ನಿಂತಿದೆ. ಬಿಪಿಯ ಅಮ್ಲೋಡಿಪಿನ್ ಆದರೆ ಸಾಮಾನ್ಯವಾಗಿ ದಿನಕ್ಕೊಂದೇ, ಅಮ್ಮ ಮಾಡಿದ್ದು ಸರಿ. ಸೋಂಕಿಗೆ ಕೊಡುವ ಆ್ಯಂಟಿಬಯಾಟಿಕ್ ಅಮಾಕ್ಸಿಸಿಲಿನ್ 500 ಮಿಲಿಗ್ರಾಂ ಆದರೆ ಬರೆದವರ ಮನಸ್ಸಿನಲ್ಲಿದ್ದದ್ದು ‘ಎಂಟು ಗಂಟೆಗೊಮ್ಮೆ’, ಅಂದರೆ ದಿನಕ್ಕೆ ಮೂರು. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಾತ್ರಿ ಒಂದೇ ನುಂಗಿದರೆ ಮರುದಿನ ಹಗಲಿಡೀ ರೋಗಾಣುಗಳಿಗೆ ತಡೆಯೇ ಇಲ್ಲ. ತಪ್ಪಿಹೋದದ್ದನ್ನು ತುಂಬಿಸಲು ಎರಡೆರಡು ನುಂಗುವುದು ಬೇಡ. ವೈದ್ಯರಿಗೆ ಇಂದೇ ಫೋನ್ ಮಾಡಿ ಕೇಳಿ.

‘ಊಟದ ನಂತರ, ದಿನಕ್ಕೆ ಮೂರು ಸಲ’ ಎಂಬುದೂ ಇದೇ ಜಾತಿಯದು. ನಮ್ಮಲ್ಲಿ ಬೆಳಿಗ್ಗೆ ನೀರುದೋಸೆ ತಿಂದರೆ ಅದು ತಿಂಡಿ, ಊಟ ಅಲ್ಲವೇ ಅಲ್ಲ. ಊಟ ಮಧ್ಯಾಹ್ನ ಮತ್ತು ರಾತ್ರಿ ಮಾತ್ರ. ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಅಜ್ಜಿಗೆ ಮೂರನೆಯ ಮಾತ್ರೆಗೆ ಜಾಗವೇ ಸಿಗುವುದಿಲ್ಲ! ಮೆಡಿಕಲ್‌ನಲ್ಲಿ ಕವರನ್ನು ತಿರುಗಿ ಕೊಟ್ಟು ‘ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10’ ಎಂದು ಗಡಿಯಾರದ ಹೊತ್ತನ್ನೇ ಬರೆಸಿಕೊಳ್ಳಿ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತಾಡುವ ಹಿರಿಯರಿದ್ದರೆ, ಅರ್ಥವಾದದ್ದನ್ನು ಅವರ ಮಾತಿನಲ್ಲೇ ಒಮ್ಮೆ ಹೇಳಿಸಿ ನೋಡಿ.

ಕೇಸ್ ಶೀಟಿನಲ್ಲಿ ‘ವೈದ್ಯರು ಹೇಳಿದಂತೆ ರೋಗಿ ಮಾತ್ರೆ ತೆಗೆದುಕೊಂಡಿಲ್ಲ’ ಎಂದು ಬರೆದರೆ ರೋಗಿ ಮಾತು ಕೇಳಿದರೋ, ಮೀರಿದರೋ? ಎರಡೂ ಆಗುತ್ತದೆ. ‘ತೆಗೆದುಕೊಳ್ಳಲು ಹೇಳಿದ್ದರು, ತೆಗೆದುಕೊಂಡಿಲ್ಲ’ ಎಂದು ಒಡೆದು ಬರೆದರೆ ಮುಗಿಯಿತು.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ‘ಕಚ್ಚಿದ ನಾಯಿಯನ್ನು ಹತ್ತು ದಿನ ನೋಡಿಕೊಳ್ಳಿ’ ಎಂಬ ಸಲಹೆ. ನಾಯಿಗೆ ಅನ್ನ ಹಾಕಿ ಆರೈಕೆ ಮಾಡಬೇಕು ಎಂದು ಓದಿಕೊಂಡವರು ನಗು ತರಿಸುತ್ತಾರೆ. ಹತ್ತು ದಿನ ನೋಡಿ ಆಮೇಲೆ ಇಂಜೆಕ್ಷನ್ ಎಂದು ಓದಿಕೊಂಡವರ ಜೀವಕ್ಕೇ ಅಪಾಯ, ಯಾಕೆಂದರೆ ರೇಬೀಸ್ ಲಕ್ಷಣ ಕಾಣಿಸಿದ ಮೇಲೆ ಉಳಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಬರೆಯಬೇಕಾದದ್ದು ಹೀಗೆ: ‘ಗಾಯವನ್ನು ಈಗಲೇ ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಮೊದಲ ಲಸಿಕೆ ಇಂದೇ ಹಾಕಿಸಿ. ನಾಯಿ ಸತ್ತಿತೇ, ಅದರ ವರ್ತನೆ ಬದಲಾಯಿತೇ ಎಂದು 10 ದಿನ ದೂರದಿಂದ ಗಮನಿಸಿ, ಬದಲಾದರೆ ಕೂಡಲೇ ತಿಳಿಸಿ.’