ಅಲೆ ಕಡಿಮೆ ಇರುವ ಜಾಗ ನೋಡಿ ಇಳಿದರೆ ಸಾಕಲ್ವಾ?

ಪ್ರಶ್ನೆ: ರಜೆಯಲ್ಲಿ ಮನೆಮಂದಿಯೆಲ್ಲ ಬೀಚ್‌ಗೆ ಹೋಗಬೇಕು ಅಂತಿದ್ದೇವೆ. ಚಿಕ್ಕ ಮಕ್ಕಳಿದ್ದಾರೆ, ವಯಸ್ಸಾದವರೂ ಇದ್ದಾರೆ. ಯಾವ ದಿನ, ಯಾವ ಹೊತ್ತಿಗೆ ಹೋದರೆ ಒಳ್ಳೆಯದು? ಏನೇನು ತಯಾರಿ ಬೇಕು? ನಮಗೆ ಅಷ್ಟಾಗಿ ಈಜು ಬರುವುದಿಲ್ಲ. ಅಲೆ ಕಡಿಮೆ ಇರುವ ಜಾಗ ನೋಡಿ ಇಳಿದರೆ ಸಾಕಲ್ವಾ?

ಉತ್ತರ: ಸಾಲದು. ದಿನ, ಹೊತ್ತು, ತಯಾರಿ ಎಲ್ಲದಕ್ಕೂ ಆಮೇಲೆ ಬರುತ್ತೇನೆ. ಮೊದಲು ಆ ಕೊನೆಯ ಸಾಲು. ಬೀಚ್ ಬಗ್ಗೆ ಯಾರು ಏನೇ ಕೇಳಲಿ, ಕೊನೆಗೆ ಈ ಮಾತು ಬಂದೇ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮತ್ತೆ ಅದೇ. ಬೇಜಾರಾಗುತ್ತದೆ ನಿಜ, ಆದರೆ ಹೇಳದೆ ಬಿಡುವ ಹಾಗಿಲ್ಲ. ಎರಡೂ ಪಕ್ಕ ಅಲೆ ಒಡೆದು ನೊರೆ ಏಳುತ್ತಿದೆ, ನಡುವೆ ಒಂದು ಪಟ್ಟಿ ಮಾತ್ರ ತಣ್ಣಗಿದೆ ಅಂದರೆ, ಆ ಬೀಚಿನಲ್ಲಿ ಎಲ್ಲಕ್ಕಿಂತ ಅಪಾಯದ ಜಾಗ ಬಹುಮಟ್ಟಿಗೆ ಅದೇ.

ಯಾಕೆ ಹೀಗೆ? ಅಲೆ ಒಡೆಯುವುದು ಆಳ ಕಡಿಮೆ ಇರುವ ಕಡೆ. ದಡದಿಂದ ಸ್ವಲ್ಪ ಆಚೆ, ನೀರಿನಡಿ ಮರಳ ದಿಬ್ಬ ಇರುತ್ತದೆ. ಅಲೆಯ ಬುಡಕ್ಕೆ ಅದು ತಡೆ ಕೊಡುತ್ತದೆ, ತಲೆ ಮುಂದಕ್ಕೆ ಬಾಗುತ್ತದೆ, ಬಿಳಿ ನೊರೆಯಾಗಿ ಕುಸಿಯುತ್ತದೆ. ಹೀಗೆ ಒಂದರ ಹಿಂದೆ ಒಂದು ಅಲೆ ನೀರನ್ನು ದಡದ ಕಡೆ ತಳ್ಳುತ್ತಲೇ ಇರುತ್ತದೆ. ಬಂದ ನೀರು ವಾಪಸ್ ಹೋಗಲೇಬೇಕಲ್ಲ? ದಿಬ್ಬದಲ್ಲಿ ಎಲ್ಲಾದರೂ ಒಂದು ಕಂಡಿ ಇದ್ದರೆ ನೀರೆಲ್ಲ ಅತ್ತಲೇ ತಿರುಗುತ್ತದೆ, ಸಿನಿಮಾ ಬಿಟ್ಟಾಗ ಇಡೀ ಹಾಲಿನ ಜನ ಒಂದೇ ಬಾಗಿಲಿಗೆ ನುಗ್ಗಿದ ಹಾಗೆ. ಇದೇ ರಿಪ್ ಕರೆಂಟ್, ಮಾತಿನಲ್ಲಿ ಸೆಳೆತ. ಕಂಡಿಯಲ್ಲಿ ಆಳ ಜಾಸ್ತಿ, ಹಾಗಾಗಿ ಅಲ್ಲಿ ಅಲೆ ಒಡೆಯುವುದಿಲ್ಲ. ಅಲೆ ಒಡೆಯದ ಕಡೆ ನೊರೆಯೂ ಇಲ್ಲ, ಸದ್ದೂ ಇಲ್ಲ. ನೀವು ಶಾಂತ ಅಂದುಕೊಂಡದ್ದು ನೀರು ಸಮುದ್ರಕ್ಕೆ ವಾಪಸ್ ಹೋಗುವ ದಾರಿ.

ನಂಬಿಕೆ ಬರದಿದ್ದರೆ ಆಸ್ಟ್ರೇಲಿಯಾದ ಕರಾವಳಿ ವಿಜ್ಞಾನಿ ರಾಬ್ ಬ್ರಾಂಡರ್ ಮಾಡಿ ತೋರಿಸುವ ಪ್ರಯೋಗದ ವಿಡಿಯೋ ನೋಡಿ. ದಡದ ಹತ್ತಿರ, ಆ ತಣ್ಣಗಿನ ಪಟ್ಟಿಯ ಬಾಯಲ್ಲಿ ನೀರಿಗೆ ಬಣ್ಣ ಬಿಡುತ್ತಾರೆ. ಬಣ್ಣ ಸುತ್ತ ಹರಡಿ ನಿಲ್ಲುವುದಿಲ್ಲ. ಒಂದು ಉದ್ದನೆ ಗೆರೆಯಾಗಿ, ಎರಡೂ ಪಕ್ಕದ ನೊರೆಯ ನಡುವೆಯೇ ಸಮುದ್ರದ ಕಡೆ ಹೊರಡುತ್ತದೆ. ಅಲೆ ಒಡೆಯುವ ಸಾಲನ್ನು ದಾಟಿದ ಮೇಲಷ್ಟೇ ಅಗಲವಾಗಿ ಹರಡುತ್ತದೆ. ದಡದಲ್ಲಿ ನಿಂತವರಿಗೆ ಅಲ್ಲಿಯವರೆಗೆ ಅದು ಮಕ್ಕಳನ್ನು ಆಡಲು ಬಿಡಬಹುದಾದ ಜಾಗದ ಹಾಗೆ ಕಾಣುತ್ತಿರುತ್ತದೆ.

ಇಷ್ಟು ಹೇಳಿದ ಮೇಲೂ ಕೆಲವರು ಬಿಡುವುದಿಲ್ಲ. ‘ನಾವು ಸೊಂಟದ ಮಟ್ಟಕ್ಕಿಂತ ಮುಂದೆ ಹೋಗಲ್ಲ’ ಅನ್ನುತ್ತಾರೆ. ಸೊಂಟದ ಮಟ್ಟದ ನೀರಿನಲ್ಲಿ ಒಂದು ಅಲೆ ಬಂದು ನಿಮ್ಮನ್ನು ಅರ್ಧ ಅಡಿ ಎತ್ತಿದರೂ ಸಾಕು, ಕಾಲು ನೆಲ ಬಿಟ್ಟಿತು. ಆಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದು ನಿಮ್ಮ ಕೈಯಲ್ಲಿಲ್ಲ. ಅಲ್ಲದೆ ಕಂಡಿಯ ಅಂಚಿನಲ್ಲಿ ನೆಲ ಥಟ್ಟನೆ ಇಳಿಯುತ್ತದೆ. ಒಂದು ಹೆಜ್ಜೆ ಮೊದಲು ಸೊಂಟದವರೆಗಿದ್ದ ನೀರು ಮುಂದಿನ ಹೆಜ್ಜೆಗೆ ಕುತ್ತಿಗೆಗೆ ಬಂದಿರುತ್ತದೆ.

‘ನನಗೆ ಚೆನ್ನಾಗಿ ಈಜು ಬರುತ್ತೆ’ ಅನ್ನುವವರ ಬಗ್ಗೆ ನನಗೆ ಇನ್ನೂ ಜಾಸ್ತಿ ಭಯ. ಸೆಳೆತದ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ಆಸುಪಾಸು. ಆದರೆ ಜೋರಾದಾಗ ಸೆಕೆಂಡಿಗೆ 2 ಮೀಟರ್ ದಾಟಿದ್ದನ್ನೂ ಅಳೆದಿದ್ದಾರೆ. 2024ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ವಿಶ್ವದಾಖಲೆ ಆಯಿತಲ್ಲ, ಸಮಯ 46.40 ಸೆಕೆಂಡು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 2.15 ಮೀಟರ್. ಜಗತ್ತಿನ ಅತಿ ವೇಗದ ಈಜುಗಾರನೂ ಅಂಥ ಸೆಳೆತಕ್ಕೆ ಎದುರಾಗಿ ಈಜಿದರೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತಾನೆ. ಈಜುಕೊಳದಲ್ಲಿ ಕಲಿತ ನಮ್ಮ ನಿಮ್ಮ ವೇಗ ಸೆಕೆಂಡಿಗೆ 1 ಮೀಟರ್ ಇದ್ದರೆ ಹೆಚ್ಚು.

ಇದರ ಜೊತೆಗೇ ಅಂಟಿಕೊಂಡಿರುವ ಇನ್ನೊಂದು ತಪ್ಪು: ಸೆಳೆತ ಕೆಳಕ್ಕೆ ಎಳೆಯುತ್ತದೆ ಅನ್ನುವುದು. ಇಲ್ಲ. ಅದು ದಡದಿಂದ ಆಚೆಗೆ ಒಯ್ಯುತ್ತದೆ, ಅಷ್ಟೇ. ಜನ ಮುಳುಗುವುದು ಅದಕ್ಕೆ ಎದುರಾಗಿ ಕೈಕಾಲು ಬಡಿದು ಸುಸ್ತಾಗಿ. ಇದು ಗೊತ್ತಿದ್ದರೆ ಅರ್ಧ ಜೀವ ಉಳಿದ ಹಾಗೆ. ಸಿಕ್ಕಿಕೊಂಡರೆ ಮೊದಲು ಬೆನ್ನ ಮೇಲೆ ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ಕೈ ಎತ್ತಿ ಕೂಗಿ. ಬಲ ಇದ್ದರೆ ದಡಕ್ಕೆ ನೇರವಾಗಿ ಬೇಡ, ದಡಕ್ಕೆ ಸಮಾನಾಂತರವಾಗಿ, ನೊರೆ ಕಾಣುವ ಕಡೆಗೆ ಈಜಿ. ನೊರೆ ಇದ್ದಲ್ಲಿ ದಿಬ್ಬ ಇದೆ, ಆಳ ಕಡಿಮೆ, ಅಲೆಯೇ ನಿಮ್ಮನ್ನು ದಡದ ಕಡೆ ತಳ್ಳುತ್ತದೆ. ಒಂದು ದಿಕ್ಕಿಗೆ ಈಜಲು ಕಷ್ಟವಾದರೆ ಇನ್ನೊಂದು ದಿಕ್ಕು ನೋಡಿ. ಜಿಪಿಎಸ್ ಕಟ್ಟಿದ ತೇಲುವ ಸಾಧನಗಳನ್ನು ಸೆಳೆತಕ್ಕೆ ಬಿಟ್ಟು ನೋಡಿದ ವಿಜ್ಞಾನಿಗಳಿಗೆ ಕಂಡದ್ದು ಇದು: ಎಷ್ಟೋ ಸಲ ನೀರು ಆಚೆ ಹೋಗಿ, ದಿಬ್ಬದ ಮೇಲೆ ತಿರುಗಿ, ಮತ್ತೆ ದಡದ ಹತ್ತಿರಕ್ಕೇ ಬರುತ್ತದೆ. ತೇಲಿಕೊಂಡಿರಿ ಅನ್ನುವುದು ಅದಕ್ಕೇ.

ಬೇರೆಯವರು ಸಿಕ್ಕಿಕೊಂಡದ್ದು ಕಂಡರೆ ಕೂಡಲೇ ಹಿಂದೆ ಧುಮುಕಬೇಡಿ. ಕಾಪಾಡಲು ಹೋದವರೇ ಮುಳುಗಿದ ಸುದ್ದಿ ಎಷ್ಟು ಓದಿಲ್ಲ ನಾವು. ಲೈಫ್‌ಗಾರ್ಡ್‌ಗೆ ಕೂಗಿ, ತೇಲುವಂಥದ್ದು ಏನೇ ಇದ್ದರೂ ಎಸೆಯಿರಿ. ಮುಚ್ಚಳ ಬಿಗಿಯಾಗಿ ಹಾಕಿದ ಖಾಲಿ ಕ್ಯಾನ್ ಆದರೂ ಆಗುತ್ತದೆ.

ಹಾಗಾದರೆ ಅಲೆಯೇ ಇಲ್ಲದ ಬೀಚ್ ಆದರೆ? ಅಲ್ಲೂ ಒಂದು ಮಾತಿದೆ. ನೆಲದಿಂದ ಸಮುದ್ರದ ಕಡೆ ಗಾಳಿ ಬೀಸುವಾಗ ದಡದ ಹತ್ತಿರದ ನೀರು ನುಣ್ಣಗೆ ಕಾಣುತ್ತದೆ. ಗಾಳಿ ತುಂಬಿದ ಟ್ಯೂಬು, ರಬ್ಬರ್ ಬೋಟು ಹಾಕಿ ಮಕ್ಕಳನ್ನು ಕೂರಿಸುವುದು ಅಂಥ ದಿನವೇ. ಅವು ಹಗುರ, ಗಾಳಿಗೆ ಓಡುತ್ತವೆ. ಹಿಂದಿನಿಂದ ಈಜಿ ಹಿಡಿಯುವುದು ದೊಡ್ಡವರಿಗೂ ಕಷ್ಟ. ಟ್ಯೂಬು ಈಜುಕೊಳಕ್ಕೆ ಸರಿ, ಸಮುದ್ರಕ್ಕೆ ತರಲೇಬೇಡಿ.

ಈಗ ದಿನದ ವಿಷಯ. ‘ಯಾವ ದಿನ ಒಳ್ಳೆಯದು’ ಅಂತ ಕೇಳುವ ಮೊದಲು ಅಲ್ಲಿ ಏನು ಮಾಡಬೇಕು ಅಂತಿದ್ದೀರಿ ಅನ್ನುವುದನ್ನು ಮನೆಯಲ್ಲೇ ತೀರ್ಮಾನ ಮಾಡಿ. ಮಕ್ಕಳು ಕಾಲು ನೆನೆಸಿ ಆಡುವ ದಿನ ಬೇರೆ. ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ನಕ್ಷತ್ರಮೀನು ನೋಡುವ ದಿನ ಬೇರೆ. ಅಲೆಯ ಜೊತೆ ಆಡುವ ದಿನ, ಸುಮ್ನೆ ನೆರಳಲ್ಲಿ ಕೂರುವ ದಿನ ಮತ್ತೂ ಬೇರೆ. ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಯಾವುದೂ ಸರಿಯಾಗುವುದಿಲ್ಲ.

ಆಕಾಶ ತಿಳಿಯಾಗಿದೆ ಅಂದಮಾತ್ರಕ್ಕೆ ಸಮುದ್ರ ತಣ್ಣಗಿರಬೇಕೆಂದಿಲ್ಲ. ಅಲೆಗಳು ಹುಟ್ಟುವುದು ಎಲ್ಲೋ ದೂರದ ಬಿರುಗಾಳಿಯಲ್ಲಿ. 1963ರಲ್ಲಿ ಸಮುದ್ರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಸಂಗಡಿಗರು ದಕ್ಷಿಣ ಧ್ರುವದ ಕಡೆಯ ಬಿರುಗಾಳಿಗಳಲ್ಲಿ ಎದ್ದ ಅಲೆಗಳ ಜಾಡು ಹಿಡಿದು, ಅವು ಇಡೀ ಶಾಂತಸಾಗರ ದಾಟಿ ಅಲಾಸ್ಕಾ ತಲುಪುವುದನ್ನು ಅಳೆದು ತೋರಿಸಿದರು. ಹಾಗಾಗಿ ಮಳೆ-ಬಿಸಿಲಿನ ಆ್ಯಪ್ ಒಂದನ್ನೇ ನೋಡಬೇಡಿ. ಅಲೆಯ ಎತ್ತರ ಎಷ್ಟು, ಎರಡು ಅಲೆಗಳ ನಡುವೆ ಎಷ್ಟು ಸೆಕೆಂಡು ಅಂತಲೂ ನೋಡಿ. ಎತ್ತರ ಅಷ್ಟೇ ಇದ್ದರೂ, 6 ಸೆಕೆಂಡಿಗೊಂದು ಬರುವ ಅಲೆಗಿಂತ 14 ಸೆಕೆಂಡಿಗೊಂದು ಬರುವ ಅಲೆಯಲ್ಲಿ ಬಲ ಜಾಸ್ತಿ. ಅಲ್ಲಿಗೆ ಹೋದಮೇಲೆ ಹತ್ತು ಹದಿನೈದು ನಿಮಿಷ ಎತ್ತರದ ಜಾಗದಲ್ಲಿ ನಿಂತು ನೀರನ್ನೇ ನೋಡಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಬಂದವರು ಸಮುದ್ರ ಇಷ್ಟೇ ಅಂದುಕೊಂಡು ಇಳಿದುಬಿಡುತ್ತಾರೆ.

ಹೊತ್ತು ಅಂದರೆ, ಮಕ್ಕಳು ಮತ್ತು ವಯಸ್ಸಾದವರಿಗೆ ಬೆಳಿಗ್ಗೆಯೇ ವಾಸಿ. ಹಗಲೇರಿದಂತೆ ನೆಲ ಬೇಗ ಕಾಯುತ್ತದೆ, ನೀರು ನಿಧಾನ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಸಮುದ್ರದಿಂದ ನೆಲದ ಕಡೆ ಗಾಳಿ ಜೋರಾಗಿ, ನೀರು ಕಲಕುತ್ತದೆ, ಮರಳು ಕಣ್ಣಿಗೆ ಹಾರುತ್ತದೆ. ಬಿಸಿಲಿಗೆ ಗಡಿಯಾರವೂ ಬೇಡ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇದ್ದರೆ ಅತಿನೇರಳೆ ಕಿರಣ ಜೋರಾಗಿದೆ ಅಂತ ತಿಳಿಯಿರಿ. ತೆಳುಮೋಡ ಅದರಲ್ಲಿ ಹೆಚ್ಚಿನದನ್ನು ತಡೆಯುವುದಿಲ್ಲ. ಒಣ ಮರಳು ಸುಮಾರು 15 ಶೇಕಡಾ, ನೊರೆ ಸುಮಾರು 25 ಶೇಕಡಾ ಕಿರಣವನ್ನು ವಾಪಸ್ ಎರಚುತ್ತವೆ. ಛತ್ರಿಯಡಿ ಕೂತವರ ಮುಖವೂ ಸುಡುವುದು ಹಾಗೆ. ಉದ್ದ ತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ ಮೊದಲು. ಉಳಿದ ಕಡೆಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದ ಮೇಲೆ ಇನ್ನೊಮ್ಮೆ.

ಉಳಿದ ತಯಾರಿ ನಿಮಗೆ ಗೊತ್ತಿರುವುದೇ: ಕುಡಿಯುವ ನೀರು, ನೆರಳು, ಒಣ ಬಟ್ಟೆ, ಚಪ್ಪಲಿ. ಎರಡು ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಲೈಫ್‌ಗಾರ್ಡ್ ಇರುವ ಬೀಚನ್ನೇ ಆರಿಸಿ. ಬಹಳ ದೇಶಗಳಲ್ಲಿ ಅರ್ಧ ಕೆಂಪು ಅರ್ಧ ಹಳದಿ ಬಾವುಟಗಳ ನಡುವಿನ ಜಾಗ ಅವರ ಕಣ್ಗಾವಲಿನದು, ಇಳಿಯುವುದಿದ್ದರೆ ಅಲ್ಲೇ. ಬರೀ ಕೆಂಪು ಬಾವುಟ ಇದ್ದರೆ ಆ ದಿನ ಮರಳಲ್ಲಿ ಆಡಿ ಬನ್ನಿ. ಎರಡನೆಯದು, ಮಕ್ಕಳು ಮರಳಿನಲ್ಲಿ ತೋಡುವ ಹೊಂಡ. ಮೊಣಕಾಲಿಗಿಂತ ಆಳ ಬೇಡ. ಪಕ್ಕದ ಗೋಡೆ ಕುಸಿದು ಮರಳು ಮುಚ್ಚಿದರೆ ಹೊರಗೆ ಎಳೆಯುವುದು ನೀವಂದುಕೊಂಡಷ್ಟು ಸುಲಭ ಅಲ್ಲ.

ಉಬ್ಬರ-ಇಳಿತ ನೋಡದೆ ಹೊತ್ತು ಗೊತ್ತು ಮಾಡಬೇಡಿ. ಇಳಿತದ ಹೊತ್ತಿಗೆ ದಿಬ್ಬಗಳು ಮೇಲಕ್ಕೆ ಬಂದು ನೀರೆಲ್ಲ ಕಂಡಿಯಲ್ಲೇ ಹೋಗಬೇಕಾಗುತ್ತದೆ, ಹಾಗಾಗಿ ಎಷ್ಟೋ ಬೀಚುಗಳಲ್ಲಿ ಸೆಳೆತ ಆಗಲೇ ಜೋರು. ಉಬ್ಬರ ಪೂರ್ತಿ ಏರಿದಾಗ, ಕಡಿದಾದ ಬೀಚಿನಲ್ಲಿ ಅಲೆ ನೇರ ದಡದ ಮೇಲೇ ಬಂದು ಅಪ್ಪಳಿಸುತ್ತದೆ, ಕುತ್ತಿಗೆಗೆ ಪೆಟ್ಟಾಗುವುದು ಅಲ್ಲಿ. ಬಂಡೆಯ ಹೊಂಡ ನೋಡುವವರು ಇಳಿತಕ್ಕೆ ಒಂದೆರಡು ಗಂಟೆ ಮೊದಲು ಹೋಗಿ, ನೀರು ತಿರುಗಿದ ಕೂಡಲೇ ಹಿಂದಿರುಗಿ. ನೀರು ಒಂದೇ ಸಮ ಏರುವುದಿಲ್ಲ. ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡೇ ಗಂಟೆಗಳಲ್ಲಿ ಸುಮಾರು ಅರ್ಧದಷ್ಟು ಏರಿಬಿಡುತ್ತದೆ. ‘ಇನ್ನೂ ಟೈಮಿದೆ’ ಅಂದುಕೊಂಡವರು ಬಂಡೆಯ ಮೇಲೆ ಸಿಕ್ಕಿಹಾಕಿಕೊಳ್ಳುವುದು ಆಗಲೇ.

ನೀವು ಕೇಳಿಲ್ಲ, ಆದರೂ ಇಲ್ಲಿಗೆ ಬಂದಮೇಲೆ ಹೇಳಿಯೇ ಬಿಡುತ್ತೇನೆ: ನಿನ್ನೆಯ ಉಬ್ಬರದ ಸಮಯ ಇವತ್ತಿಗೆ ಯಾಕೆ ಆಗುವುದಿಲ್ಲ? ಚಂದ್ರ ತನ್ನ ಕಡೆಯ ನೀರನ್ನು ಜಾಸ್ತಿ ಎಳೆಯುತ್ತಾನೆ, ಆಚೆ ಬದಿಯ ನೀರನ್ನು ಭೂಮಿಗಿಂತಲೂ ಕಡಿಮೆ, ಹಾಗಾಗಿ ಅದು ಹಿಂದೆ ಉಳಿಯುತ್ತದೆ. ಹಾಗಾಗಿ ಎರಡೂ ಬದಿಗೆ ಉಬ್ಬು. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ಸ್ವಲ್ಪ ಮುಂದೆ ಸರಿದಿರುತ್ತಾನೆ. ಅವನನ್ನು ಹಿಡಿಯಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಅದಕ್ಕೇ ಉಬ್ಬರ ದಿನಾ ಅಷ್ಟು ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಸೂರ್ಯನ ಸೆಳೆತವೂ ಸೇರಿ ಏರಿಳಿತ ದೊಡ್ಡದು, ಅಷ್ಟಮಿಯ ಸುತ್ತ ಚಿಕ್ಕದು.

ಆದರೆ ಚಂದ್ರ ಎಲ್ಲರಿಗೂ ಒಬ್ಬನೇ ಆದರೂ ಉಬ್ಬರ ಎಲ್ಲ ಕಡೆ ಒಂದೇ ಅಲ್ಲ, ನನಗೆ ಇದರಲ್ಲಿ ಬಹಳ ಇಷ್ಟವಾದ ಸಂಗತಿ ಇದು. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರ್‌ವರೆಗೆ ಏರಿಳಿಯುತ್ತದೆ. ಆ ಕೊಲ್ಲಿಯ ಉದ್ದ, ಆಳ ಹೇಗಿದೆ ಅಂದರೆ, ಅದರೊಳಗಿನ ನೀರು ಒಮ್ಮೆ ತುಯ್ದಾಡಿ ಬರಲು ಸುಮಾರು 13 ಗಂಟೆ ಬೇಕು. ಉಬ್ಬರದಿಂದ ಉಬ್ಬರಕ್ಕೆ 12 ಗಂಟೆ 25 ನಿಮಿಷ. ಎರಡೂ ಹತ್ತಿರ ಹತ್ತಿರ, ಹಾಗಾಗಿ ಪ್ರತಿ ಉಬ್ಬರವೂ ಹಿಂದಿನ ತೂಗಾಟಕ್ಕೆ ಬಲ ಕೊಡುತ್ತದೆ. ಮೆಡಿಟರೇನಿಯನ್ ಸಮುದ್ರಕ್ಕೆ ಹೊರಗಿನ ಸಾಗರದ ಬಾಗಿಲೇ ಕಿರಿದು, ಬಹುತೇಕ ಕಡೆ ಏರಿಳಿತ ಅರ್ಧ ಮೀಟರ್ ಕೂಡ ಇಲ್ಲ. ಮೆಕ್ಸಿಕೋ ಕೊಲ್ಲಿಯ ಕೆಲವು ತೀರಗಳಲ್ಲಂತೂ ದಿನಕ್ಕೆ ಒಂದೇ ಉಬ್ಬರ.

ಅದಕ್ಕೇ ಪಕ್ಕದೂರಿನ ಬೀಚಿನ ಉಬ್ಬರ-ಇಳಿತದ ಸಮಯದ ಪಟ್ಟಿ ನೋಡಿ ಹೊರಡಬೇಡಿ, ನೀವು ಹೋಗುವ ಜಾಗದ್ದೇ ತೆಗೆಯಿರಿ. ತೆಗೆದಾಗ ಸಮಯ ಯಾವ ಲೆಕ್ಕದಲ್ಲಿದೆ ಅಂತಲೂ ನೋಡಿ. ಕೆಲವು ಪಟ್ಟಿಗಳಲ್ಲಿ ಸ್ಥಳೀಯ ಸಮಯದ ಬದಲು ಗ್ರೀನಿಚ್ ಸಮಯ ಹಾಕಿರುತ್ತಾರೆ.